ಉದ್ದ ಒಂದೇ ಸಾಲದು

ಓದುಗರ ಪತ್ರ: ಇಂಗ್ಲಿಷಿನ ‘ಕನ್ವರ್ಸೇಷನ್’ ಮತ್ತು ‘ಕನ್ಸರ್ವೇಷನ್’ ಎರಡರಲ್ಲೂ ಇರುವುದು ಅದೇ 12 ಅಕ್ಷರ. ಇದಕ್ಕಿಂತ ಉದ್ದದ ಜೋಡಿ ಇದೆಯೇ? ಇದ್ದರೆ ಹುಡುಕುವುದು ಹೇಗೆ? ನಾನೂ ಮಗಳೂ ಡಿಕ್ಷನರಿ ಹಿಡಿದು ಕೂತು ಸೋತಿದ್ದೇವೆ.

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಇದೆ. 22 ಅಕ್ಷರದ ಜೋಡಿಯೇ ಇದೆ. ಆದರೆ ಅದನ್ನು ಕಂಡರೆ ನಿಮಗೆ ಸ್ವಲ್ಪ ನಿರಾಸೆಯಾಗಬಹುದು.

‘ಕೋಲಿಸಿಸ್ಟೋಡುವೊಡಿನಾಸ್ಟಮಿ’ ಮತ್ತು ‘ಡುವೊಡಿನೋಕೋಲಿಸಿಸ್ಟಾಸ್ಟಮಿ’. ಎರಡೂ ವೈದ್ಯರ ಪದಗಳು. ಪಿತ್ತಕೋಶದಿಂದ ಸಣ್ಣ ಕರುಳಿನ ಮೊದಲ ಭಾಗಕ್ಕೆ ದಾರಿ ಮಾಡುವ ಆಪರೇಷನ್‌ಗೆ ಈ ಹೆಸರು. ಪಿತ್ತಕೋಶಕ್ಕೆ ಒಂದು ತುಂಡು, ಕರುಳಿಗೆ ಒಂದು ತುಂಡು, ದಾರಿ ತೆರೆಯುವುದಕ್ಕೆ ‘ಸ್ಟಮಿ’ ಅನ್ನುವ ಬಾಲ. ಮೊದಲ ಎರಡು ತುಂಡುಗಳು ರೈಲಿನ ಬೋಗಿಗಳ ಹಾಗೆ ಹಿಂದುಮುಂದಾಗಿವೆ, ಅಷ್ಟೇ. ಅರ್ಥವೂ ಬದಲಾಗಲಿಲ್ಲ. ಉದ್ದ ಇದೆ, ಬೆರಗು ಇಲ್ಲ.

ನೀವು ಹಿಡಿದ ಜೋಡಿಯೇ ಇದಕ್ಕಿಂತ ಮೇಲು. ಅಲ್ಲಿ ‘ವಿ’ ಮತ್ತು ‘ಎಸ್’ ಮಾತ್ರ ಜಾಗ ಬದಲಿಸಿವೆ, ಉಳಿದ 10 ಅಕ್ಷರ ಇದ್ದಲ್ಲೇ ಇವೆ. ಆದರೂ ಅರ್ಥ ಮಾತುಕತೆಯಿಂದ ಸಂರಕ್ಷಣೆಗೆ ಹೋಯಿತಲ್ಲ!

ಹಾಗಾದರೆ ಒಳ್ಳೆಯ ಜೋಡಿ ಯಾವುದು? ಅಳೆಯಲು ಒಂದು ಸುಲಭ ದಾರಿ ಇದೆ. ಒಂದು ಪದವನ್ನು ಕತ್ತರಿಸಿ ಇನ್ನೊಂದನ್ನು ಕಟ್ಟಬೇಕಾದರೆ ಕಡಿಮೆ ಅಂದರೆ ಎಷ್ಟು ತುಂಡು ಬೇಕು ಎಂದು ಎಣಿಸಿ. ಆ ಆಪರೇಷನ್ ಪದಕ್ಕೆ 3 ತುಂಡು ಸಾಕು. ನಿಮ್ಮದಕ್ಕೆ 5. ತುಂಡು ಜಾಸ್ತಿಯಾದಷ್ಟೂ ಅಕ್ಷರಗಳು ನಿಜವಾಗಿ ಕಲಸಿಹೋಗಿವೆ ಎಂದರ್ಥ.

ಈ ಲೆಕ್ಕದಲ್ಲಿ ನನಗೆ ಬಹಳ ಇಷ್ಟವಾದ ಜೋಡಿ ಒಂದಿದೆ: ‘ಸಿನಿಮಾಟೋಗ್ರಾಫರ್’ ಮತ್ತು ‘ಮೆಗಾಕೈರಾಪ್ಟರನ್’. ಮೊದಲನೆಯವರು ಛಾಯಾಗ್ರಾಹಕರು. ಎರಡನೆಯದು ಹಣ್ಣು ತಿನ್ನುವ ದೊಡ್ಡ ಬಾವಲಿಗಳ ಗುಂಪಿನ ಪ್ರಾಣಿ. ಕನ್ನಡದಲ್ಲಿ ಬರೆದರೆ ಇವಕ್ಕೆ ಸಂಬಂಧವೇ ಕಾಣದು. ಇಂಗ್ಲಿಷ್ ಸ್ಪೆಲಿಂಗ್ ಬರೆದು ನೋಡಿ. ಎರಡರಲ್ಲೂ 15 ಅಕ್ಷರ. ‘ಎ’, ‘ಇ’, ‘ಆರ್’ ಎರಡೆರಡು ಸಲ, ಮಿಕ್ಕ ಒಂಬತ್ತು ಅಕ್ಷರ ಒಂದೊಂದು ಸಲ. ಒಂದನ್ನು ಇನ್ನೊಂದು ಮಾಡಲು 14 ತುಂಡು ಬೇಕು! ಅಂದರೆ ಎರಡೇ ಎರಡು ಅಕ್ಷರ ಅಂಟಿಕೊಂಡು ಉಳಿಯುತ್ತವೆ, ಬೇರೆಲ್ಲವೂ ಬಿಡಿಬಿಡಿ. 22 ಅಕ್ಷರದ ಜೋಡಿಯನ್ನು ಇದರ ಪಕ್ಕ ಇಡಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಹುಡುಕುವ ಬಗೆ. ಪದವನ್ನು ಹಾಗೇ ನೋಡುತ್ತಾ ಕೂತರೆ ತಲೆ ಕೆಡುತ್ತದೆ. ಅದರ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬರೆದಿಡಿ. ‘ಆಂಟಾಗನಿಸ್ಟ್’ ಅಂದರೆ ಎದುರಾಳಿ. ಅದನ್ನು ಜೋಡಿಸಿದರೆ ಎ, ಎ, ಜಿ, ಐ, ಎನ್, ಎನ್, ಒ, ಎಸ್, ಟಿ, ಟಿ ಎಂದು ಬರುತ್ತದೆ. ‘ಸ್ಟ್ಯಾಗ್ನೇಷನ್’, ಅಂದರೆ ನಿಂತ ನೀರಾಗುವುದು. ಅದನ್ನೂ ಜೋಡಿಸಿ ನೋಡಿ, ಅದೇ ಸಾಲು ಬರುತ್ತದೆ. ಒಂದೇ ಸಾಲು ಬಂದರೆ ಜೋಡಿ ಸಿಕ್ಕಿತು, ಊಹೆಯ ಮಾತೇ ಇಲ್ಲ. ಕಂಪ್ಯೂಟರ್ ಮಾಡುವುದೂ ಇದನ್ನೇ: ಡಿಕ್ಷನರಿಯ ಪ್ರತಿ ಪದಕ್ಕೂ ಇಂಥ ಸಾಲು ಬರೆದು, ಒಂದೇ ಸಾಲಿನವನ್ನು ಒಟ್ಟಿಗೆ ಇಡುತ್ತದೆ. ನೋಟ್‌ಬುಕ್ಕಿನಲ್ಲಿ ನೀವೂ ಮಾಡಬಹುದು, ನಿಧಾನ ಅಷ್ಟೇ.

ಈ ಸಾಲು ಬರೆಯುವುದು ಹಳೆಯ ಅಭ್ಯಾಸ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಸ್ಪ್ರಿಂಗಿನ ನಿಯಮವನ್ನು ಮೊದಲು ಅಚ್ಚು ಹಾಕಿಸಿದ್ದು ಹೀಗೆಯೇ. ನಿಯಮವನ್ನು ಬಿಟ್ಟುಕೊಡದೆ, ಅದರ ಲ್ಯಾಟಿನ್ ವಾಕ್ಯದ 14 ಅಕ್ಷರಗಳನ್ನು ಕ್ರಮವಾಗಿ ಜೋಡಿಸಿ ಕೊಟ್ಟರು: ಸಿ, ಇ, ಮೂರು ಐ, ಎನ್, ಒ, ಮೂರು ಎಸ್, ಎರಡು ಟಿ, ಯು, ವಿ. ಬೇರೆಯವರು ಕದಿಯುವಂತಿಲ್ಲ, ‘ಮೊದಲು ಕಂಡವನು ನಾನು’ ಅನ್ನಲು ದಾಖಲೆಯೂ ಆಯಿತು. 1678ರಲ್ಲಿ ಒಗಟು ಬಿಡಿಸಿ ಹೇಳಿದರು: ‘ಉಟ್ ಟೆನ್ಸಿಯೋ ಸಿಕ್ ವಿಸ್’. ಎಳೆತ ಎಷ್ಟೋ ಬಲ ಅಷ್ಟು.

ಉದ್ದದ ಜೋಡಿ ಇಷ್ಟು ಅಪರೂಪ ಯಾಕೆ ಎಂದು ಮಗಳು ಕೇಳಬಹುದು. ಅಕ್ಷರ ಹೆಚ್ಚಿದ ಹಾಗೆ ಸೇರಿಕೆಗಳು ವಿಪರೀತ ಬೆಳೆಯುತ್ತವೆ, ಆದರೆ ಅಷ್ಟುದ್ದದ ಪದಗಳೇ ಭಾಷೆಯಲ್ಲಿ ಕಡಿಮೆ. ಹಾಗಾಗಿ ಎರಡು ಪದ ಆಕಸ್ಮಿಕವಾಗಿ ಹೊಂದುವುದು ಕಷ್ಟ. ಹೊಂದಿದರೂ ಹೆಚ್ಚಾಗಿ ಒಂದೇ ಬಾಲ, ಒಂದೇ ತಲೆ ಹಂಚಿಕೊಂಡ ಪದಗಳೇ ಸಿಗುತ್ತವೆ. ಆರರಿಂದ ಎಂಟು ಅಕ್ಷರದ ಪದಗಳಲ್ಲಿ ಮಾತ್ರ ನಿಜವಾದ ಸುಗ್ಗಿ. ‘ಯುನೈಟೆಡ್’ ಪದದಲ್ಲಿ ‘ಐ’ ಮತ್ತು ‘ಟಿ’ ಅದಲುಬದಲು ಮಾಡಿ. ‘ಅನ್‌ಟೈಡ್’ ಆಗುತ್ತದೆ. ಒಗ್ಗೂಡಿದ್ದು ಬಿಚ್ಚಿಹೋಯಿತು! ಆರೇ ಅಕ್ಷರ, ಎಂಥ ಸೊಗಸು ನೋಡಿ.

ಅದಕ್ಕೇ ನಿಮಗೊಂದು ಸಲಹೆ. ಉದ್ದದ ಬೆನ್ನು ಹತ್ತುವ ಮೊದಲು ಎಂಟು ಅಕ್ಷರದ ‘ಟ್ರಯಾಂಗಲ್’ ತಗೊಳ್ಳಿ. ಅವೇ ಅಕ್ಷರಗಳಿಂದ ಇನ್ನೂ ನಾಲ್ಕು ಪದ ಆಗುತ್ತವೆ. ಒಂದು ಮಗಳ ಗಣಿತದ ಪುಸ್ತಕದಲ್ಲೇ ಇರಬಹುದು. ಉಳಿದ ಮೂರೂ ಐ, ಎನ್, ಜಿ ಎಂದು ಮುಗಿಯುತ್ತವೆ. ಸಿಕ್ಕಿದ ಮೇಲೆ ಬರೆಯಿರಿ, ಪ್ರಕಟಿಸುತ್ತೇವೆ.

– ಸಂ.