ಪಬ್‌ಮೆಡ್‌ಗೆ ಇಡೀ ಶೀರ್ಷಿಕೆ ಹಾಕಬೇಡಿ

ಪ್ರಶ್ನೆ: ನಾನು ಎಂ.ಎಸ್ಸಿ. ನರ್ಸಿಂಗ್ ಮೊದಲ ವರ್ಷದವಳು. ನಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಗರ್ಭಿಣಿಯರ ರಕ್ತಹೀನತೆ ಕುರಿತು ಸಿನಾಪ್ಸಿಸ್ (ಸಂಶೋಧನೆಯ ಪ್ರಸ್ತಾವ) ಬರೆಯಬೇಕು. ಗೈಡ್ ಮೇಡಂ ‘ಹೆಲಿನೆಟ್ ನೋಡಮ್ಮ, ಪಬ್‌ಮೆಡ್ ನೋಡು’ ಎಂದರು. ವೈದ್ಯಕೀಯ ಲೇಖನ ಹುಡುಕುವ ಈ ಪಬ್‌ಮೆಡ್ ತಾಣದಲ್ಲಿ ನನ್ನ ಶೀರ್ಷಿಕೆ ಹಾಕಿದರೆ ಒಂದೂ ಬರುವುದಿಲ್ಲ. ಬೇರೆ ಕಡೆ ಸಿಕ್ಕ ಲೇಖನಗಳು ದುಡ್ಡು ಕೇಳುತ್ತವೆ. ಎಲ್ಲಿಂದ ಶುರು ಮಾಡಲಿ ಸರ್?
– ವಿದ್ಯಾರ್ಥಿನಿ, ಗದಗ

ಉತ್ತರ: ನೀವು ಹಾಕಿದ ಶೀರ್ಷಿಕೆ ಹೇಗಿತ್ತೆಂದು ಊಹಿಸಬಲ್ಲೆ. ‘ಎ ಸ್ಟಡಿ ಟು ಅಸೆಸ್’ ಎಂದು ಶುರುವಾಗಿ ‘ಸೆಲೆಕ್ಟೆಡ್ ಹಾಸ್ಪಿಟಲ್ಸ್, ಗದಗ’ ಎಂದು ಮುಗಿದಿರುತ್ತದೆ! ಅಷ್ಟೂ ಪದ ಕೊಟ್ಟರೆ ಪಬ್‌ಮೆಡ್ ಅಷ್ಟೂ ಇರುವ ಲೇಖನ ಹುಡುಕುತ್ತದೆ. ಅಂಥದ್ದು ಇರುವುದಿಲ್ಲ, ಇದ್ದಿದ್ದರೆ ನಿಮ್ಮ ಸಿನಾಪ್ಸಿಸ್ಸೇ ಬೇಕಿರಲಿಲ್ಲ.

‘ಅನೀಮಿಯಾ’, ‘ಪ್ರೆಗ್ನೆನ್ಸಿ’, ‘ಇಂಡಿಯಾ’ ಈ ಮೂರನ್ನೇ ಇಂಗ್ಲಿಷಿನಲ್ಲಿ ಹಾಕಿ ನೋಡಿ. ಉದ್ಧರಣ ಚಿಹ್ನೆ ಬೇಡ. ನಾವು ಬರೆಯುವ ಬ್ರಿಟಿಷ್ ಕಾಗುಣಿತವನ್ನು ಪಬ್‌ಮೆಡ್ ತಾನೇ ಅಮೆರಿಕನ್ ಕಾಗುಣಿತಕ್ಕೂ ಲೇಖನಗಳಿಗೆ ಹಚ್ಚಿರುವ ‘ಮೆಶ್’ ಎಂಬ ವಿಷಯಪದಕ್ಕೂ ಜೋಡಿಸಿಕೊಳ್ಳುತ್ತದೆ. ಚಿಹ್ನೆ ಹಾಕಿದರೆ ಆ ಜೋಡಣೆಯೇ ನಿಂತುಹೋಗುತ್ತದೆ. ‘ಅಡ್ವಾನ್ಸ್ಡ್’ ಪುಟದ ‘ಡೀಟೇಲ್ಸ್’ ಒತ್ತಿದರೆ ನಿಮ್ಮ ಪದವನ್ನು ಅದು ಹೇಗೆ ಓದಿತು ಎಂಬುದು ಕಾಣುತ್ತದೆ. ಒಳ್ಳೆಯ ಲೇಖನ ಒಂದು ಸಿಕ್ಕಿತೇ? ಪುಟದ ಕೆಳಗಡೆ ಮೆಶ್ ಪದಗಳ ಪಟ್ಟಿ ಇದ್ದರೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ, ಮುಂದಿನ ಹುಡುಕಾಟ ಅದರಿಂದಲೇ. ಫಲಿತಾಂಶ ಸಾವಿರಗಟ್ಟಲೆ ಬಂದರೆ ಕೊನೆಯ 5 ವರ್ಷಕ್ಕೆ ಇಳಿಸಿ.

ದುಡ್ಡಿನ ಮಾತು. ಪಬ್‌ಮೆಡ್ ಎಂಬುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಸೂಚಿ, ಕಪಾಟಲ್ಲ. ಅಲ್ಲಿ ಸಿಗುವುದು ಹೆಚ್ಚಾಗಿ ಸಾರಾಂಶ. ಅದೇ ಗ್ರಂಥಾಲಯ 2000ದಲ್ಲಿ ಆರಂಭಿಸಿದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿ ಲೇಖನ ಉಚಿತ. ‘ಫ್ರೀ ಫುಲ್ ಟೆಕ್ಸ್ಟ್’ ಗುರುತು ಹಾಕಿದರೆ ಉಚಿತವಾದವಷ್ಟೇ ಉಳಿಯುತ್ತವೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಪುಕ್ಕಟೆ ಸಿಕ್ಕಿದ್ದನ್ನೇ ಓದಿ ಬರೆದ ಸಾಹಿತ್ಯ ವಿಮರ್ಶೆ ಕುಂಟುತ್ತದೆ.

ಮಿಕ್ಕಿದ್ದಕ್ಕೇ ಹೆಲಿನೆಟ್ ಇರುವುದು. ಒಂದೊಂದು ಕಾಲೇಜಿಗೂ ದುಬಾರಿ ಜರ್ನಲ್ ತರಿಸಲು ಆಗದೆಂದು ನಿಮ್ಮ ವಿಶ್ವವಿದ್ಯಾಲಯ 2003ರಲ್ಲಿ ಆರಂಭಿಸಿದ ಒಕ್ಕೂಟ ಅದು. ಚಂದಾ ಪಟ್ಟಿ ಬದಲಾಗುತ್ತಿರುತ್ತದೆ, ಹಾಗಾಗಿ ಸೀನಿಯರ್ ಕೊಟ್ಟ ಹಳೆಯ ಪಟ್ಟಿ ನಂಬಬೇಡಿ. ಪ್ರಕಾಶಕರು ಸಾಮಾನ್ಯವಾಗಿ ಓದುಗರನ್ನು ಗುರುತಿಸುವುದು ಕಾಲೇಜಿನ ಇಂಟರ್‌ನೆಟ್ ವಿಳಾಸದಿಂದ. ಹಾಸ್ಟೆಲಿನಲ್ಲಿ ಮೊಬೈಲ್ ಡೇಟಾ ಹಾಕಿಕೊಂಡು ತೆರೆದರೆ ನೀವು ಅವರಿಗೆ ಯಾರೋ ದಾರಿಹೋಕರು, ದುಡ್ಡು ಕೇಳದೆ ಇನ್ನೇನು? ಅದೇ ಲೇಖನವನ್ನು ಕಾಲೇಜಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಹೊರಗಿನಿಂದ ಓದಲು ಲಾಗಿನ್ ಇದೆಯೇ ಎಂದು ಅಲ್ಲೇ ವಿಚಾರಿಸಿ.

ಅಲ್ಲೂ ತೆರೆಯದಿದ್ದರೆ ಲೇಖನದ ಪಿಎಂಐಡಿ (ಪಬ್‌ಮೆಡ್ ಪ್ರತಿ ಲೇಖನಕ್ಕೂ ಕೊಡುವ) ಸಂಖ್ಯೆ ಬರೆದುಕೊಂಡು ಗ್ರಂಥಪಾಲಕರ ಬಳಿ ಹೋಗಿ, ಬೇರೆ ಗ್ರಂಥಾಲಯದಿಂದ ತರಿಸಲು ಆಗುತ್ತದೆಯೇ ಕೇಳಿ. ಸಂಖ್ಯೆಯಿಲ್ಲದೆ ಬಂದು ‘ಅನೀಮಿಯಾ ಬಗ್ಗೆ ಏನಾದರೂ ಕೊಡಿ ಸರ್’ ಎಂದರೆ ನಾವು ಗ್ರಂಥಪಾಲಕರೂ ಪಠ್ಯಪುಸ್ತಕದ ಕಪಾಟಿನ ಕಡೆ ಕೈ ತೋರಿಸಿಬಿಡುತ್ತೇವೆ.