ಐತಪ್ಪ ಅಷ್ಟೊಂದು ಮಾತಾಡಿದ್ದು ಹೇಗೆ?

ನಮಸ್ಕಾರ.

ಬದಿಯಡ್ಕದ ತೋಟ, ಮಳೆಗಾಲದ ಮದ್ದು, ಅಡಿಕೆ ಮರದಿಂದ ಬೀಳುವ ಐತಪ್ಪ, ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆ, ಅಲ್ಲಿ ಸಾವು. ನಮ್ಮ ದೀಪಾವಳಿ ಸಂಚಿಕೆಗೆ ನೀವು ಕಳಿಸಿದ ಕತೆ ಇಷ್ಟು. ಒಂದೇ ಉಸಿರಿಗೆ ಓದಿ ಮುಗಿಸಿದೆ ಅನ್ನೋಣ ಅಂದರೆ, ಉಸಿರಿನ ವಿಷಯದಲ್ಲೇ ನನಗೆ ನಿಮ್ಮ ಮೇಲೆ ತಕರಾರಿದೆ.

ಹೊಗಳಿಕೆ ಮೊದಲು ಮುಗಿಸುತ್ತೇನೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಮದ್ದು ಬಿಡುವ ಭಾಗ ಚೆನ್ನಾಗಿದೆ. ಮೈಮೇಲೆ ಒಣಗಿದ ನೀಲಿ, ಒಂದು ಮರದ ತುದಿಯಿಂದ ಬಾಗಿ ಇನ್ನೊಂದನ್ನು ಹಿಡಿಯುವ ರೀತಿ, ಕೆಳಗೆ ಪಂಪು ಹಿಡಿದ ಹುಡುಗನ ಬೈಗುಳ, ಇದನ್ನೆಲ್ಲ ನೀವು ನೋಡಿ ಬರೆದಿದ್ದೀರಿ. ಭಾಷೆಯೂ ಹದವಾಗಿದೆ. ಸರಿ, ಮುಂದೆ ಹೋಗೋಣ.

ನನಗೆ ಸಿಟ್ಟು ಬಂದದ್ದು ಐದನೇ ಪುಟದಲ್ಲಿ. “ಬಿದ್ದ ರಭಸಕ್ಕೆ ಎಡಗಡೆಯ ಕೊನೆಯ ಪಕ್ಕೆಲುಬು ಮುರಿದು ನೇರ ಹೃದಯಕ್ಕೆ ನೆಟ್ಟಿತು.”

ಕೊನೆಯ ಪಕ್ಕೆಲುಬು ಎಲ್ಲಿದೆ ಅಂತ ಯಾವತ್ತಾದರೂ ಮುಟ್ಟಿ ನೋಡಿದ್ದೀರಾ? ಒಟ್ಟು 12 ಜೊತೆ. ಮೇಲಿನ 7 ಜೊತೆ ತಮ್ಮ ತಮ್ಮ ಮೃದ್ವಸ್ಥಿಯ, ಅಂದರೆ ಮೆತ್ತನೆಯ ಎಲುಬಿನ, ಮೂಲಕ ಎದೆಯ ನಡುವಿನ ಎಲುಬಿಗೆ ಕೂಡುತ್ತವೆ. ಆಮೇಲಿನ 3 ತಮ್ಮ ಮೇಲಿನದನ್ನು ಹಿಡಿದುಕೊಂಡಿರುತ್ತವೆ. ಕೊನೆಯ 2 ಜೊತೆಗೆ ಮುಂದೆ ಆಸರೆಯೇ ಇಲ್ಲ, ಬೆನ್ನುಮೂಳೆಯಿಂದ ಹೊರಟು ಮಾಂಸದಲ್ಲೇ ಮುಗಿಯುತ್ತವೆ. ಅಂದರೆ ನಿಮ್ಮ ಕೊನೆಯ ಪಕ್ಕೆಲುಬು ಇರುವುದು ಬೆನ್ನ ಕಡೆ, ಕೆಳಗೆ, ಮೂತ್ರಪಿಂಡದ ಹತ್ತಿರ. ಹೃದಯ ಎಷ್ಟೋ ಮೇಲೆ, ಎದೆಯ ನಡುವಿನ ಎಲುಬಿನ ಹಿಂದೆ, ಸ್ವಲ್ಪ ಎಡಕ್ಕೆ ವಾಲಿಕೊಂಡಿದೆ. ನಡುವೆ ಗುಲ್ಮ (ಸ್ಪ್ಲೀನ್) ಇದೆ, ಜಠರ ಇದೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ ವಪೆ ಇದೆ. ಇಷ್ಟನ್ನೆಲ್ಲ ದಾಟಿ ಆ ಗಿಡ್ಡ ಎಲುಬು ಹೃದಯ ಹುಡುಕಿಕೊಂಡು ಹೋಯಿತೇ?

ಬಿದ್ದವರಲ್ಲಿ ಜಾಸ್ತಿ ಮುರಿಯುವುದು ನಡುವಿನ ಪಕ್ಕೆಲುಬುಗಳು. ಎಡಗಡೆ ಕೆಳಗಿನವು ಮುರಿದರೆ ಭಯ ಗುಲ್ಮದ್ದು. ಅದು ಹರಿದರೆ ರಕ್ತ ಒಳಗೇ ಸೋರುತ್ತದೆ. ಹೊರಗೆ ದೊಡ್ಡ ಗಾಯ ಕಾಣದೆಯೂ ಇರಬಹುದು. ಮನುಷ್ಯ ಎದ್ದು ಕೂರಬಹುದು, ನೀರು ಕೇಳಬಹುದು, ಆಮೇಲೆ ಬಿಳಿಚಿಕೊಂಡು ಬೆವರಬಹುದು. ನಿಮ್ಮ ಕತೆಗೆ ಬೇಕಾದ ಸಾವು ಅಲ್ಲೇ ಇತ್ತಲ್ಲ! ಹೃದಯಕ್ಕೇ ನೆಡಬೇಕು ಅನ್ನುವುದು ಸಿನಿಮಾದ ಚಟ.

ಮುಂದಿನ ಸಾಲು: “ಅವನ ಶ್ವಾಸಕೋಶಗಳು ತಾವಾಗಿಯೇ ಉಬ್ಬಿ ಗಾಳಿಯನ್ನು ಎಳೆದುಕೊಳ್ಳಲು ಹೆಣಗಿದವು.”

ಶ್ವಾಸಕೋಶಕ್ಕೆ ತಾನಾಗಿ ಉಬ್ಬುವ ಶಕ್ತಿ ಇಲ್ಲ. ಕೆಲಸ ಮಾಡುವುದು ಅದರ ಅಡಿಯಲ್ಲಿರುವ ವಪೆ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು. ವಪೆ ಬಿಗಿದು ಕೆಳಗಿಳಿಯುತ್ತದೆ. ಪಕ್ಕೆಲುಬುಗಳು ಬಕೆಟಿನ ಹಿಡಿ ಎತ್ತಿದ ಹಾಗೆ ಮೇಲಕ್ಕೂ ಹೊರಕ್ಕೂ ಏಳುತ್ತವೆ. ಎದೆಗೂಡು ದೊಡ್ಡದಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಗಾಳಿ ತಾನೇ ನುಗ್ಗುತ್ತದೆ. ಶ್ವಾಸಕೋಶ ಎದೆಗೂಡಿನ ಜೊತೆಗೇ ಹಿಗ್ಗುವುದು ಎರಡು ಪದರದ ಪೊರೆ ಮತ್ತು ಅದರ ನಡುವಿನ ಒಂಚೂರು ದ್ರವದಿಂದ. ಕುಂಬಳೆ ಕಡೆ ಯಕ್ಷಗಾನದ ಆಟ ನೋಡಲು ಹೋದಾಗ ಮುಂದೆ ಕೂತು ಭಾಗವತರ ಹೊಟ್ಟೆ ನೋಡಿ. ಭುಜ ಅಲ್ಲ, ಹೊಟ್ಟೆ. ಪದ ಎತ್ತುವ ಮೊದಲು ಅದು ಮುಂದೆ ಬರುತ್ತದೆ. ವಪೆ ಕೆಳಗೆ ತಳ್ಳಿದ್ದರ ಗುರುತು ಅದು.

ಈಗ ಮುರಿದ ಪಕ್ಕೆಲುಬನ್ನು ಯೋಚಿಸಿ. ಕೈ ಮುರಿದರೆ ಕಟ್ಟಿ ಸುಮ್ಮನಿರಿಸಬಹುದು. ಪಕ್ಕೆಲುಬನ್ನು ಹೇಗೆ ಸುಮ್ಮನಿರಿಸುತ್ತೀರಿ? ಸುಮ್ನೆ ಕೂತವನೂ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ಪ್ರತಿ ಸಲವೂ ಮುರಿದ ತುದಿ ಅಲುಗುತ್ತದೆ. ಹಿಂದೆ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತುತ್ತಿದ್ದರು. ಈಗ ಹಾಗೆ ಮಾಡುವುದಿಲ್ಲ. ಪಟ್ಟಿ ಬಿಗಿದು ಉಸಿರು ಮೇಲುಮೇಲಕ್ಕೆ ನಿಂತರೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಐತಪ್ಪ ಆ ಪಕ್ಕೆಗೆ ಕೈ ಒತ್ತಿ ಹಿಡಿಯಬೇಕು. ಸಣ್ಣ ಸಣ್ಣ ಉಸಿರು ಕದಿಯಬೇಕು. ಕೆಮ್ಮು ಬಂದರೆ ಹೆದರಬೇಕು. ಇದರಲ್ಲಿ ಒಂದೂ ನಿಮ್ಮ ಪುಟದಲ್ಲಿಲ್ಲ. ಬದಲಿಗೆ “ಗಾಳಿಯೆಲ್ಲ ಹೊರಬಿದ್ದು ಶ್ವಾಸಕೋಶ ಬರಿದಾಯಿತು” ಅಂತ ಇದೆ. ಎಷ್ಟೇ ಜೋರಾಗಿ ಉಸಿರು ಬಿಟ್ಟರೂ ಒಳಗೆ ಒಂದು ಲೀಟರಿಗಿಂತ ಜಾಸ್ತಿ ಗಾಳಿ ಉಳಿದೇ ಇರುತ್ತದೆ. ಹೊಡೆದು ಹಾಕಿ ಆ ಸಾಲನ್ನು.

ಇಷ್ಟಾದ ಮೇಲೆ ನಿಮ್ಮ ಐತಪ್ಪ ಏನು ಮಾಡುತ್ತಾನೆ? ಮಗನ ತೊಡೆಯ ಮೇಲೆ ತಲೆಯಿಟ್ಟು ಹನ್ನೊಂದು ಸಾಲು ಭಾಷಣ ಮಾಡುತ್ತಾನೆ! ಸೊಸೈಟಿಯ ಸಾಲ, ಮಗಳ ಮದುವೆ, ಗಡಿಯ ಜಾಗದ ತಕರಾರು, ಎಲ್ಲ. ನಡುವೆ “ಆದ್ದರಿಂದ” ಅಂತ ಬೇರೆ. ಮಾತು ಹೊರಡುವುದು ಉಸಿರು ಬಿಡುವಾಗ ಅಲ್ವಾ? ಉಸಿರೇ ತುಂಡಾಗಿದ್ದರೆ ವಾಕ್ಯ ಇಡಿಯಾಗಿ ಬರುವುದು ಎಲ್ಲಿಂದ? ಆ ಹನ್ನೊಂದು ಸಾಲಲ್ಲಿ ನಿಜವಾಗಿ ಅವನು ಆಡಬಹುದಾದ ಮಾತು ಒಂದೇ: “ಮಗಾ… ಆ ಕತ್ತಿ… ಒಳಗಿಡು.” ಸಾಲದ ಕತೆ ಮಗನಿಗೆ ಮೊದಲೇ ಗೊತ್ತಿರಲಿ.

ನಾನು ಇದರ ಬಗ್ಗೆ ಯಾಕೆ ಇಷ್ಟು ಹಟ ಮಾಡುತ್ತೇನೆ ಅಂದರೆ, ನನಗೆ ಎದೆಗೂಡು ಗೊತ್ತಾದದ್ದು ಪ್ರೆಸ್ಸಿನಲ್ಲಿ. ಕಾಸರಗೋಡಿನ ಒಂದು ಚಿಕ್ಕ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಅಚ್ಚಿನ ಮೊಳೆ ಜೋಡಿಸುವ ಕಾಲ. ಊರಿನ ಡಾಕ್ಟರೊಬ್ಬರು ಆರೋಗ್ಯದ ಅಂಕಣ ಬರೆದು ಕೊಡುತ್ತಿದ್ದರು. ಅವರ ಅಕ್ಷರ ಯಾರಿಗೂ ಓದಲಾಗದು. ಹಾಗಾಗಿ ಕ್ಲಿನಿಕ್ ಮುಚ್ಚಿ ಸಂಜೆ ಅವರೇ ಬಂದು ಬಾಯಲ್ಲಿ ಹೇಳುತ್ತಿದ್ದರು. ಶ್ವಾಸಕೋಶದ ಅಂಕಣದ ದಿನ ನಾನು ಏನೂ ಅರ್ಥವಾಗದ ಮುಖ ಮಾಡಿದ್ದಿರಬೇಕು. ಮೊಳೆ ಜೋಡಿಸುವ ಹುಡುಗ ಬಡಕಲ. ಅವನ ಬನಿಯನ್ ತೆಗೆಸಿದರು. ಗಂಟಲ ಗುಳಿಯಿಂದ ಬೆರಳನ್ನು ಕೆಳಗೆ ಜಾರಿಸಿ, ಒಂದು ಸಣ್ಣ ಉಬ್ಬು ಸಿಕ್ಕಿದ ಕಡೆ ನಿಲ್ಲಿಸಿದರು. “ಇಲ್ಲಿ ಪಕ್ಕದಲ್ಲಿರುವುದು ಎರಡನೆಯದು. ಮೊದಲನೆಯದು ಕೊರಳೆಲುಬಿನ ಹಿಂದೆ ಅಡಗಿದೆ. ಎಣಿಸುವುದಾದರೆ ಇಲ್ಲಿಂದ ಎಣಿಸು.” ನನ್ನ ಕೈಯಲ್ಲಿದ್ದ ಕೆಂಪು ಪೆನ್ಸಿಲನ್ನು ಕಸಿದು ಅವನ ಮೈಮೇಲೆ ಶ್ವಾಸಕೋಶ ಬರೆದರು. ತುದಿ ಕೊರಳೆಲುಬಿಗಿಂತ ಮೇಲೆ. ಕೆಳ ಅಂಚು ಮುಂದೆ 6ನೇ ಪಕ್ಕೆಲುಬು, ಬದಿಯಲ್ಲಿ 8, ಬೆನ್ನಲ್ಲಿ 10. ಎಡಗಡೆ ಹೃದಯಕ್ಕೆ ಜಾಗ ಬಿಟ್ಟು ಗೆರೆ ಒಳಗೆ ತಿರುಗಿಸಿದರು. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಅಂದರೆ ಮೂರು ಭಾಗ, ಎಡಕ್ಕೆ ಎರಡೇ. ಹುಡುಗ ಕಚಗುಳಿಯಿಂದ ನೆಗೆಯುತ್ತಿದ್ದ. ಪುಟ ತಡವಾಯಿತು ಅಂತ ಸಂಪಾದಕರು ಒಳಗಿಂದ ಕಿರುಚಿದರು. ಆಮೇಲೆ ಯಾರ ಬರಹದಲ್ಲಿ ಎದೆಗೆ ಏಟು ಬಿದ್ದರೂ ನನ್ನ ಬೆರಳು ಅಂಗಿಯ ಗುಂಡಿಯ ನಡುವೆ ಹೋಗಿ ಜಾಗ ಹುಡುಕುತ್ತದೆ. ನಿಮ್ಮ ಕತೆ ಓದುವಾಗಲೂ ಹೋಯಿತು. ಜಾಗ ಸಿಗಲಿಲ್ಲ.

ಇನ್ನು ಆಸ್ಪತ್ರೆಯ ಡಾಕ್ಟರು. ಅವರು ಮಗನನ್ನು ನಿಲ್ಲಿಸಿಕೊಂಡು ಶ್ವಾಸಕೋಶದ ಪಾಠ ಹೇಳುತ್ತಾರೆ. ಯಾವ ಡಾಕ್ಟರು ಹಾಗೆ ಮಾತಾಡುತ್ತಾರೆ? ಇದು ನೀವು ಓದಿದ್ದನ್ನು ಅವರ ಬಾಯಿಗೆ ತುರುಕಿದ್ದು. ಪಾಠ ತೆಗೆಯಿರಿ, ಕೆಲಸ ಇಡಿ. ಎಲುಬಿನ ತುದಿ ಪೊರೆ ದಾಟಿ ಶ್ವಾಸಕೋಶವನ್ನು ಚುಚ್ಚಿದರೆ ಪೊರೆಯ ಎರಡು ಪದರಗಳ ನಡುವೆ ಗಾಳಿ ಸೇರಿ ಶ್ವಾಸಕೋಶ ಕುಗ್ಗುತ್ತದೆ. ಆ ಬದಿಯ ಎದೆ ಸರಿಯಾಗಿ ಏಳುವುದಿಲ್ಲ. ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು. ಸ್ಟೆತಸ್ಕೋಪು ಇಟ್ಟರೆ ಉಸಿರಿನ ಸದ್ದು ತೀರಾ ಕಮ್ಮಿ. ಎದೆಯ ಬದಿಗೆ ಕೊಳವೆ ಹಾಕಿ ಅದರ ತುದಿಯನ್ನು ನೀರಿರುವ ಬಾಟಲಿಯಲ್ಲಿ ಮುಳುಗಿಸುತ್ತಾರೆ. ಐತಪ್ಪ ಕೆಮ್ಮಿದಾಗ ಬಾಟಲಿಯಲ್ಲಿ ಗುಳ್ಳೆ ಏಳುತ್ತದೆ. ಮಗ ರಾತ್ರಿಯಿಡೀ ಆ ಬಾಟಲಿ ನೋಡುತ್ತಾ ಕೂರಲಿ. ಗುಳ್ಳೆ ನಿಲ್ಲುವುದು ಒಳ್ಳೆಯದೋ ಕೆಟ್ಟದ್ದೋ ಅವನಿಗೆ ಗೊತ್ತಿಲ್ಲ, ಕೇಳಲು ಧೈರ್ಯವೂ ಇಲ್ಲ. ಡಾಕ್ಟರಿಗೆ ಎರಡು ಮಾತು ಸಾಕು.

ಇನ್ನೊಂದು. ಮರ ಹತ್ತುವ ಮೊದಲೇ ಐತಪ್ಪನ ಎದೆ ಒಮ್ಮೆ ಝಲ್ಲೆಂದಿದೆ, ಒಮ್ಮೆ ಒಡೆದಿದೆ, ಒಮ್ಮೆ ಭಾರವಾಗಿದೆ. ನಿಜವಾಗಿ ಒಡೆಯುವ ಹೊತ್ತಿಗೆ ಓದುವವನಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ಆ ಮೂರನ್ನೂ ತೆಗೆಯಿರಿ.

ಮದ್ದು ಬಿಡುವ ಭಾಗದ ಒಂದು ಅಕ್ಷರವನ್ನೂ ಮುಟ್ಟಬೇಡಿ. ಐದನೇ ಪುಟದಿಂದ ಕೊನೆಯವರೆಗೆ ಮತ್ತೆ ಬರೆದು ಕಳಿಸಿ. ದೀಪಾವಳಿ ಸಂಚಿಕೆಯ ಪುಟಗಳು ಇನ್ನೂ ತುಂಬಿಲ್ಲ. ಹಾಂ, ಮಗನ ಹೆಸರು ಮೊದಲು ಚನಿಯ, ಆಸ್ಪತ್ರೆಯಲ್ಲಿ ಬಾಬು. ಯಾವುದಾದರೂ ಒಂದು ಇಡಿ.