ಗಿಡದ ಗುರುತು ಮೊದಲು, ಕಷಾಯ ಆಮೇಲೆ

ಪ್ರಶ್ನೆ: ಗಿಡಮೂಲಿಕೆ ಔಷಧ ಕಲಿಯಬೇಕೆಂದು ದಪ್ಪ ದಪ್ಪ ಪುಸ್ತಕ ಕೊಂಡಿದ್ದೇನೆ. ಓದುವಾಗ ಎಲ್ಲ ತಿಳಿದಂತೆ ಇರುತ್ತದೆ, ಮುಚ್ಚಿಟ್ಟರೆ ಒಂದೂ ನೆನಪಿರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪುಸ್ತಕ ಕಪಾಟಿನಲ್ಲಿರಲಿ, ಓಡಿಹೋಗುವುದಿಲ್ಲ. ತುಳಸಿ, ಶುಂಠಿ, ದೊಡ್ಡಪತ್ರೆ, ನೆಲನೆಲ್ಲಿ, ಸದ್ಯಕ್ಕೆ ಇಷ್ಟು ಸಾಕು. ಯಾವ ರೋಗಕ್ಕೆ ಯಾವ ಸೊಪ್ಪು ಎಂದು ಪಟ್ಟಿ ಒಪ್ಪಿಸುವವರು ನನ್ನ ಹತ್ತಿರ ಬೇಕಾದಷ್ಟು ಜನ ಬರುತ್ತಾರೆ. ಗಿಡ ಕೈಗೆ ಕೊಟ್ಟು ಇದೇನು ಅಂದರೆ ತಡವರಿಸುತ್ತಾರೆ.

ನೆಲನೆಲ್ಲಿಯನ್ನೇ ತೆಗೆದುಕೊಳ್ಳಿ. ಮೇಲಿನಿಂದ ನೋಡಿದರೆ ಸಾಧಾರಣ ಕಳೆ. ಒಂದು ಕಡ್ಡಿಯನ್ನು ಬೆರಳಲ್ಲಿ ಎತ್ತಿ ಮಗುಚಿ ನೋಡಿ: ಎಲೆಗಳ ಅಡಿಯಲ್ಲಿ ಸಾಸಿವೆ ಗಾತ್ರದ ಹಸಿರು ಕಾಯಿಗಳು ಪುಟ್ಟ ತೊಟ್ಟುಗಳಿಂದ ಸಾಲಾಗಿ ಜೋತುಬಿದ್ದಿರುತ್ತವೆ. ಕಾಯಿ ನುಣುಪಾಗಿರಬೇಕು. ಕಾಂಡ ಕೆಂಪಗಿದ್ದು, ಕಾಯಿ ಒರಟಾಗಿ, ತೊಟ್ಟಿಲ್ಲದೆ ಅಂಟಿಕೊಂಡಿದ್ದರೆ ಅದು ಇದರ ದಾಯಾದಿ. ಕಾಂಡ ಮುರಿದಾಗ ಬಿಳಿ ಹಾಲು ಬಂದರಂತೂ ಸಂಬಂಧವೇ ಬೇರೆ, ಬಿಟ್ಟುಬಿಡಿ. ಕತ್ತಲಾದ ಮೇಲೆ ಮತ್ತೊಮ್ಮೆ ಹೋಗಿ ನೋಡಿ, ಎಲೆಗಳೆಲ್ಲ ಮಡಚಿಕೊಂಡಿರುತ್ತವೆ. ಹೀಗೆ ಒಂದು ಗಿಡವನ್ನು ಮೊಳಕೆಯಿಂದ ಬೀಜದವರೆಗೆ ಕಂಡವರು ಅದನ್ನು ಮರೆಯುವುದಿಲ್ಲ. ಮೊಬೈಲ್ ಆ್ಯಪ್ ಹೇಳಿದ ಹೆಸರನ್ನು ನಂಬಿ ಯಾವ ಸೊಪ್ಪನ್ನೂ ಬಾಯಿಗೆ ಹಾಕಬೇಡಿ. ಅದು ಎಲೆಯ ಚಿತ್ರ ನೋಡುತ್ತದೆ, ಕಾಂಡ ಮುರಿದು ನೋಡುವುದಿಲ್ಲ.

ಬಳಸಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಭಾಗ, ಎಷ್ಟು, ಹೇಗೆ ಮಾಡಿದ್ದು, ಏನಾಯಿತು. ಏನೂ ಆಗದಿದ್ದರೆ ಅದನ್ನೂ.

ಪ್ರಶ್ನೆ: ಎಲೆಯಾಗಲಿ ಬೇರಾಗಲಿ, ನಾನು ಎಲ್ಲವನ್ನೂ ಚೆನ್ನಾಗಿ ಕುದಿಸಿ ಕಷಾಯ ಮಾಡುತ್ತೇನೆ. ಸರಿಯೇ?

ಉತ್ತರ: ಬೇರು, ತೊಗಟೆಗೆ ಸರಿ. ಆಯುರ್ವೇದ ಶಾಸ್ತ್ರದ ಲೆಕ್ಕ ಒಂದು ಪಾಲು ದ್ರವ್ಯಕ್ಕೆ 16 ಪಾಲು ನೀರು, ಎಂಟನೇ ಒಂದು ಪಾಲಿಗೆ ಇಳಿಸುವುದು. ಆದರೆ ತುಳಸಿ, ದೊಡ್ಡಪತ್ರೆಯಂಥ ಘಮದ ಎಲೆಗಳನ್ನು ಹಾಗೆ ಕುದಿಸಿದರೆ ಮನೆಯೆಲ್ಲ ಪರಿಮಳ, ಲೋಟದಲ್ಲಿ ಬರೀ ಹಸಿರು ನೀರು. ಅವುಗಳ ಸತ್ವ ಹಾರಿಹೋಗುವ ಎಣ್ಣೆಯಲ್ಲಿದೆ. ಬಿಸಿನೀರು ಸುರಿದು ಮುಚ್ಚಳ ಮುಚ್ಚಿಡಿ, ಅದೇ ಫಾಂಟ. ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಸಿ ಬೆಳಿಗ್ಗೆ ಸೋಸಿದರೆ ಹಿಮ. ಸ್ವರಸ (ಹಿಂಡಿದ ಹಸಿ ರಸ), ಕಲ್ಕ (ಅರೆದ ಮುದ್ದೆ), ಕಷಾಯ ಸೇರಿ ಒಟ್ಟು ಐದು ವಿಧಾನ. ಸುಮ್ಮನೆ ಮಾಡಿಟ್ಟ ವಿಂಗಡಣೆ ಅಲ್ಲ ಅದು.

ಚೀನಾದ ವಿಜ್ಞಾನಿ ತೂ ಯೂಯೂ ಮಲೇರಿಯಾ ಔಷಧ ಹುಡುಕುತ್ತಿದ್ದಾಗ ಒಂದು ಮೂಲಿಕೆಯ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಕೈಕೊಡುತ್ತಿತ್ತು. ನಾಲ್ಕನೇ ಶತಮಾನದ ಹಳೆಯ ಗ್ರಂಥವೊಂದರಲ್ಲಿ ಆ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಿರಿ ಎಂದಿತ್ತು, ಕುದಿಸುವ ಮಾತೇ ಇರಲಿಲ್ಲ. ಹೆಚ್ಚಿನ ಶಾಖದಿಂದ ಸತ್ವ ಹಾಳಾಗುತ್ತಿರಬಹುದು ಎಂದು ಆಕೆಗೆ ಹೊಳೆದದ್ದು ಆಗ. ಕಡಿಮೆ ಉಷ್ಣತೆಯಲ್ಲಿ ಸಾರ ತೆಗೆದರು. ಅದರಿಂದ ಸಿಕ್ಕಿದ್ದೇ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧ. 2015ರಲ್ಲಿ ನೊಬೆಲ್ ಬಂತು.

ಪ್ರಶ್ನೆ: ನಮ್ಮಜ್ಜ ಹೊಟ್ಟೆನೋವಿಗೆ ಈಶ್ವರಿ ಬೇರು ತೇಯ್ದು ಕೊಡುತ್ತಿದ್ದರು. ಪ್ರಕೃತಿಯದ್ದೇ ತಾನೆ, ನಾನೂ ಮುಂದುವರಿಸಲೇ?

ಉತ್ತರ: ಬೇಡ. ಅಜ್ಜನವರ ಮೇಲಿನ ಗೌರವ ಬೇರೆ, ಬೇರಿನ ವಿಚಾರ ಬೇರೆ. ಈ ಬಳ್ಳಿಯ ಕುಲದಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ವಿಷವಿದೆ. ಮೂತ್ರಪಿಂಡವನ್ನು ಸದ್ದಿಲ್ಲದೆ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯೊಳಗೆ ಬೇರೆ ಮೂಲಿಕೆಯ ಬದಲು ಇದೇ ಕುಲದ ಗಿಡ ಸೇರಿಹೋಗಿ ಎಷ್ಟೋ ಹೆಂಗಸರ ಕಿಡ್ನಿ ಹೋಯಿತು. ಕುಡಿದ ದಿನವೇ ಏನೂ ಕಾಣಿಸದ ಕಾರಣಕ್ಕೇ ಅಜ್ಜಂದಿರ ಕಣ್ಣಿಗೆ ಇದು ಬೀಳಲಿಲ್ಲ. ಬಳ್ಳಿಯನ್ನು ಕಿತ್ತೆಸೆಯಬೇಕಿಲ್ಲ. ಕೆಲವು ಚಿಟ್ಟೆಗಳ ಮರಿಹುಳಗಳು ಇದರ ಎಲೆಯನ್ನೇ ತಿಂದು, ಆ ವಿಷವನ್ನು ಮೈಗೂಡಿಸಿಕೊಂಡು ಹಕ್ಕಿಗಳ ಬಾಯಿಂದ ಪಾರಾಗುತ್ತವೆ. ಅವಕ್ಕಿರಲಿ.

ಪ್ರಶ್ನೆ: ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಬಹಳ ದಿನದಿಂದ ಒಣಕೆಮ್ಮು. ಜ್ಯೇಷ್ಠಮಧು ಚಪ್ಪರಿಸಬಹುದೇ?

ಉತ್ತರ: ಕೂಡದು. ಜ್ಯೇಷ್ಠಮಧು ದೇಹದಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡಿ ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರಿಸುತ್ತದೆ. ಒಂದು ಕಡೆ ಮಾತ್ರೆ ಇಳಿಸುವುದು, ಇನ್ನೊಂದು ಕಡೆ ನೀವು ಏರಿಸುವುದು! ಅದಕ್ಕಿಂತ ಮೊದಲು ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿ. ಎನಲಾಪ್ರಿಲ್, ರಾಮಿಪ್ರಿಲ್ ಹೀಗೆ ‘ಪ್ರಿಲ್’ ಎಂದು ಮುಗಿಯುವ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುವುದುಂಟು. ಹಾಗಿದ್ದರೆ ನಿಮ್ಮ ಕೆಮ್ಮಿಗೆ ಯಾವ ಬೇರೂ ಬೇಕಾಗಿಲ್ಲ, ಡಾಕ್ಟರು ಮಾತ್ರೆ ಬದಲಿಸಿದರೆ ಸಾಕು. ನೀವಾಗಿಯೇ ನಿಲ್ಲಿಸಬೇಡಿ. ಹಾಳೆ ಹಿಡಿದುಕೊಂಡೇ ಹೋಗಿ ತೋರಿಸಿ.